ಭಟ್ಟರ ಮೂಗು, ಅಕ್ಕನ ಒಲೆ

ಸೊಸೆ ಹೊಸದಾಗಿ ಕರೆಂಟಿನ ಒಲೆ ತಂದಿದ್ದಾಳೆ. ಬೆಂಕಿ ಕಾಣುವುದಿಲ್ಲ, ಆದರೂ ನೀರು ಕೊತಕೊತ ಕುದಿಯುತ್ತದೆ. ಇವತ್ತು ಬೆಳಿಗ್ಗೆ ಅದರ ಮೊದಲ ಕಾಫಿ ಕೈಗೆ ಬಂತು. ಒಂದು ಗುಟುಕು ಕುಡಿದು, ಎಂಬತ್ತು ದಾಟಿದವನ ಅಧಿಕಾರದಿಂದ ತೀರ್ಪು ಕೊಟ್ಟೆ: ಕಾಫಿಗೆ ಕರೆಂಟಿನ ವಾಸನೆ ಉಂಟು. ಅವಳು ಒಳಗೆ ಹೋದಳು. ಕರೆಂಟಿಗೆ ಎಂಥ ವಾಸನೆ ಎಂದು ನೀವು ಕೇಳಬಾರದು, ನನಗೂ ಗೊತ್ತಿಲ್ಲ. ಆದರೆ ಇಂಥ ಮಾತು ಹಿಂದೆಲ್ಲೋ ಕೇಳಿದ್ದೇನಲ್ಲ ಎನಿಸಿತು.

ಐವತ್ತರ ದಶಕದಲ್ಲಿ ನಾನು ಬೋವಿಕಾನದ ಕಡೆ ಹೊಸ ಮಾಸ್ತರನಾಗಿದ್ದೆ, ವಾಸ ಅಕ್ಕನ ಮನೆಯಲ್ಲಿ. ಭಾವನವರಿಗೆ ಆ ವರ್ಷ ಹಿಡಿದದ್ದು ಸೆಗಣಿಯ ಹುಚ್ಚು. ದನದ ಹಟ್ಟಿಯ ಹಿಂದೆ ಗುಂಡಿ ತೋಡಿಸಿ, ಅದರ ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮನ್ನು ಬೋರಲು ಹಾಕಿ, ಅಡುಗೆಮನೆಗೆ ಕೊಳವೆ ಎಳೆದರು. ಸೆಗಣಿ ಕೊಳೆತು ಗ್ಯಾಸ್ ಆಗುತ್ತದೆ, ಅದರಲ್ಲಿ ಒಲೆ ಉರಿಯುತ್ತದೆ ಎಂದರು. ಊರೆಲ್ಲ ನಕ್ಕಿತು. ಡ್ರಮ್ಮು ಸಿಡಿದರೆ ಚೆರ್ಕಳ ಪೇಟೆಯವರೆಗೆ ಸೆಗಣಿ ಸಾರಿಸಿದ ಹಾಗೆ ಆಗುತ್ತದೆ ಎಂದವರಲ್ಲಿ, ಅವರ ಅನ್ನ ಉಣ್ಣುತ್ತಿದ್ದ ನಾನೂ ಒಬ್ಬ.

ಒಲೆ ಉರಿಯಿತು, ನೀಲಿಯಾಗಿ, ಚಂದಕ್ಕೆ. ಆದರೆ ಎರಡು ದನದ ಸೆಗಣಿ ಎಷ್ಟಕ್ಕೆ ಸಾಕು? ಅನ್ನ ಅರ್ಧ ಬೇಯುವಾಗ ಉರಿ ಕಣ್ಣು ಮುಚ್ಚುತ್ತಿತ್ತು. ಅಕ್ಕ ಪುನಃ ಹಸಿ ಕಟ್ಟಿಗೆ ಊದಲು ಕೂರುತ್ತಿದ್ದಳು. ಇನ್ನೂ ಹೊಗೆ ತಿಂದರೆ ಕಣ್ಣು ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಭಾವನವರ ಹುಚ್ಚಿನ ಬೇರು ಅಲ್ಲಿತ್ತು. ಅದನ್ನವರು ಯಾರಿಗೂ ಹೇಳಲಿಲ್ಲ, ನನಗೆ ಗೊತ್ತಾದದ್ದೂ ಆಮೇಲೆ.

ನೆರೆಯ ಶೆಟ್ಟರ ಹಟ್ಟಿ ತುಂಬ ದನ. ಅವರು ಪಾಲುದಾರರಾದರೆ ಎರಡೂ ಮನೆಗೆ ಒಲೆ. ಬಂಡವಾಳ ಹಾಕಬೇಕಾದದ್ದು ಸೆಗಣಿ. ಶೆಟ್ಟರಿಗೆ ಅನುಮಾನ.

“ಸಾರ ಎಲ್ಲ ನಿಮ್ಮ ಒಲೆಯಲ್ಲಿ ಉರಿದ್ರೆ ನನ್ನ ಗದ್ದೆಗೆ ಎಂತ ಉಳೀತದೆ ಮಾರಾಯ್ರೆ?”

ಭಾವ ಗ್ಯಾಸ್ ಹೋದ ಮೇಲೆ ಗುಂಡಿಯಲ್ಲಿ ಉಳಿದ ರಾಡಿ ಹಾಕಿ ಬೆಳೆಸಿದ ಬಸಳೆಯ ಚಪ್ಪರ ತೋರಿಸಿದರು. ಶೆಟ್ಟರು ಅರ್ಧ ಒಪ್ಪಿದರು. ಸೆಗಣಿಯ ಉರಿಯಲ್ಲಿ ಬೆಂದದ್ದಕ್ಕೆ ವಾಸನೆ ಬರುವುದಿಲ್ಲ ಎಂದು ಭಟ್ಟರು ಹೇಳಿದರೆ ಉಳಿದರ್ಧವೂ ಒಪ್ಪುವುದಾಗಿ ಹೇಳಿದರು. ಭಟ್ಟರು ಊರಿನ ಪುರೋಹಿತರು. ಅವರ ಮೂಗು ತುಪ್ಪ ಯಾವ ಮನೆಯದ್ದೆಂದು ಹೇಳಬಲ್ಲದು ಎಂಬ ಪ್ರತೀತಿ ಇತ್ತು. ಹಬ್ಬಿಸಿದವರು ಅವರೇ.

ಒಂದು ಭಾನುವಾರ ಇಬ್ಬರೂ ಬಂದರು. ನೀಲಿ ಉರಿ ನೋಡಿ ಚಾವಡಿಯಲ್ಲಿ ಕೂತರು. ಅಕ್ಕ ಕಾಫಿ ಕಳಿಸಿದಳು. ಶೆಟ್ಟರು ಭಟ್ಟರ ಮುಖ ನೋಡುತ್ತ ನೋಡುತ್ತ ತಮ್ಮ ಲೋಟ ಖಾಲಿ ಮಾಡಿದರು. ಭಟ್ಟರು ಕಣ್ಣು ಮುಚ್ಚಿ ಮೂಸಿದರು, ಒಂದು ಗುಟುಕು ಕುಡಿದರು, ಲೋಟ ಕೆಳಗಿಟ್ಟರು.

“ಇಲ್ಲ ಮಾರಾಯ್ರೆ. ಹಟ್ಟಿಯ ವಾಸನೆ ಉಂಟು.”

ಶೆಟ್ಟರು ತಲೆಯಾಡಿಸಿ ಹೆಗಲ ಬೈರಾಸು ಸರಿಮಾಡಿಕೊಂಡರು. ಭಾವನವರ ಮುಖ ನೋಡಲಾಗಲಿಲ್ಲ. ಆ ಹೊತ್ತಿಗೆ ಬಾಗಿಲ ಮರೆಯಿಂದ ಅಕ್ಕನ ಸ್ವರ ಬಂತು.

“ಭಟ್ರೇ, ನಿಮಗೆ ಮಡಿಗೆ ಆಗ್ಲಿಕ್ಕಿಲ್ಲ ಅಂತ ನಿಮ್ಮದನ್ನು ಕಟ್ಟಿಗೆ ಒಲೆಯಲ್ಲಿ ಬೇರೆ ಮಾಡಿದ್ದು. ಗ್ಯಾಸಿನದ್ದು ಶೆಟ್ರು ಕುಡಿದದ್ದು.”

ಶೆಟ್ಟರು ತಮ್ಮ ಖಾಲಿ ಲೋಟದೊಳಗೆ ಇಣುಕಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಟ್ಟರೋ, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ.

“ಅದೇ ನಾನು ಹೇಳಿದ್ದು, ಹೊಗೆಯ ವಾಸನೆ. ಗ್ಯಾಸಿನದ್ದು ಒಂಚೂರು ಕೊಡಿ, ನೋಡುವಾ.”

ಮರುದಿನ ಬೆಳಿಗ್ಗೆಯಿಂದ ಶೆಟ್ಟರ ಹಟ್ಟಿಯ ಸೆಗಣಿ ಬುಟ್ಟಿಗಳು ಬರತೊಡಗಿದವು. ಆ ಮಳೆಗಾಲ ಕಳೆಯುವಾಗ ಒಂದು ದಿನ ಊಟ ಬಡಿಸಲು ಬಗ್ಗಿದ ಅಕ್ಕನ ಮುಖ ನೋಡಿ ಬೆರಗಾದೆ. ಕಣ್ಣು ಬೆಳ್ಳಗಿತ್ತು. ಅವಳ ಕಣ್ಣೇ ಕೆಂಪು, ಅದು ಹುಟ್ಟಿನಿಂದ ಬಂದದ್ದು ಎಂದು ಅಷ್ಟು ವರ್ಷ ತಿಳಿದಿದ್ದೆ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಕಾಫಿ ಆರಿತ್ತು. ಕೊನೆಯ ಹನಿಯವರೆಗೆ ಕುಡಿದು, ಲೋಟ ಹಿಡಿದು ನಾನೇ ಅಡುಗೆಮನೆಗೆ ಹೋದೆ.

“ಇನ್ನರ್ಧ ಲೋಟ ಉಂಟಾ ಮಗಾ?”

“ವಾಸನೆ ಬರ್ತದೆ ಹೇಳಿದ್ರಲ್ಲ ಮಾವ?” ಸೊಸೆ ತಿರುಗಿ ನೋಡಿದಳು.

ಅವಳ ಕಣ್ಣು ಬೆಳ್ಳಗಿತ್ತು. ವಾಸನೆ ನನ್ನ ಮೂಗಿನದ್ದು ಎಂದೆ.