ರೆಕಾರ್ಡರಿನೊಳಗಿನ ಹೆಸರು

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿಹೋಗುವ ಹಿರಿಯರು, ಇಂಥ ಮಾತು ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗುವವಳು. ಹಾಲು ಒಡೆದರೂ ದೀಪ ಆರಿದರೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದುಕೊಂಡು ಬಂದವಳು. ಈಗಲೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಒಂದು ಸಂಗತಿಗೆ ಮಾತ್ರ ಎಷ್ಟು ಹುಡುಕಿದರೂ ನನಗೆ ಕಾರಣ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ನನ್ನ ತಾಯಿಯ ತಂಗಿಯನ್ನು ನಾವು ಚಿಗವ್ವ ಎಂದು ಕರೆಯುತ್ತಿದ್ದೆವು. ಸುರಪುರದ ಹತ್ತಿರ ಕಾಲುವೆ ದಂಡೆಯ ಊರು ಅವಳದು. ಅಲ್ಲಿ ಯಾರ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳಕ್ಕೆ ಅವಳೇ ಬೇಕು. ಕೂಸಿನ ಹೆಸರನ್ನು ಹಾಡಿನೊಳಗೇ ಕಟ್ಟಿ ಹಾಡುತ್ತಿದ್ದಳು. ಅವಳ ಒಬ್ಬಳೇ ಮಗಳು ಲಕ್ಷ್ಮಿ ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಿಯಾದಳು. ಅದೇ ಹೊತ್ತಿಗೆ ಚಿಗವ್ವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು, ತಡ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ಚಿಗವ್ವ ಅಳಲಿಲ್ಲ. ನನ್ನನ್ನು ಕರೆಸಿ, ಮೊಮ್ಮಗುವಿನ ತೊಟ್ಟಿಲಿಗೆ ತನ್ನದೇ ಹಾಡು ಬೇಕು, ತಾನಿಟ್ಟ ಹೆಸರೇ ಬೇಕು, ಅದನ್ನು ಹಿಡಿದಿಡುವ ಯಂತ್ರ ಇದ್ದರೆ ತಾ ಎಂದಳು.

ಆಗ ನನ್ನ ಫೋನು ಮಾತಾಡುವುದಕ್ಕಷ್ಟೇ. ನಮ್ಮ ಶಹಾಪುರದಲ್ಲಿ ಹಾಡು ಕೇಳಿಸುವ ಯಂತ್ರಗಳಿದ್ದವು, ಹಾಡು ಹಿಡಿಯುವಂಥದ್ದು ಸಿಗಲಿಲ್ಲ. ಯಾದಗಿರಿಗೆ ಬಸ್ಸು ಹತ್ತಿದೆ. ಸ್ಟೇಷನ್ ರಸ್ತೆಯ ಅಂಗಡಿಯವನು ಎರಡು ತೋರಿಸಿದ. ಒಂದು ಚಾರ್ಜಿಗೆ ಹಾಕುವಂಥದ್ದು, ನೋಡಲು ಚಂದ. ಇನ್ನೊಂದು ಟೀವಿ ರಿಮೋಟಿಗೆ ಹಾಕುವಂಥ ಸಣ್ಣ ಸೆಲ್ಲಿನದು. ಯಾವ ಊರಿಗೆ ಒಯ್ಯುತ್ತೀರಿ ಎಂದು ಕೇಳಿದ. ಹೇಳಿದೆ.

“ಹಂಗಿದ್ರ ಸೆಲ್ಲಿಂದ ತಗೋರಿ ಅಕ್ಕಾರ. ಚಾರ್ಜಿಂಗಿಂದು ಒಯ್ದ್ರ ನಿಮ್ಮ ಹಾಡು ಕರೆಂಟಿನವರ ಕೈಯಾಗ.”

ಸಮಾಧಾನದಿಂದ ಕಲಿಸಿಕೊಟ್ಟ. ಗುಂಡಿ ಒಂದು ಸಲ ಒತ್ತಿದರೆ ಕೆಂಪು ದೀಪ ಮಿಣುಕುತ್ತದೆ, ಅದು ಬರೀ ಕಾಯುವುದು. ಇನ್ನೊಂದು ಸಲ ಒತ್ತಿದರೆ ದೀಪ ಮಿಣುಕದೆ ಒಂದೇ ಸಮ ಉರಿಯುತ್ತದೆ, ಆಗಲೇ ಹಿಡಿಯುವುದು. ನಿಲ್ಲಿಸಿದ ಮೇಲೆ ದೀಪ ಆರುವ ತನಕ ಸೆಲ್ಲು ತೆಗೆಯಬಾರದು. ಬಳಸದಾಗ ಸೆಲ್ಲು ಒಳಗಿಡಬಾರದು, ಸೋರುತ್ತವೆ. ಪರೀಕ್ಷೆಗೆ ಏನಾದರೂ ಅನ್ನಿ ಎಂದ. ನಾನು ಮನೆಗೆ ಬೇಕಾಗಿದ್ದ ಬೇಳೆ, ಹುಣಸೆಹಣ್ಣು, ಬೆಲ್ಲ ಎಂದೆ. ಅದು ತಿರುಗಿ ಹೇಳಿದಾಗ ಯಾರೋ ಬೇರೆ ಹೆಂಗಸು ಸಂತೆಗೆ ಹೊರಟಂತಿತ್ತು. ಎಲ್ಲರಿಗೂ ಮೊದಲ ಸಲ ಹಾಗೇ ಅನ್ನಿಸುತ್ತದೆ ಎಂದು ಅವನು ನಕ್ಕ.

ಆಪರೇಷನ್ನಿಗೆ ಹೋಗುವ ಮುನ್ನ ಒಂದು ಮಧ್ಯಾಹ್ನ ಚಿಗವ್ವ ಒಳಕೋಣೆಯಲ್ಲಿ ತೊಟ್ಟಿಲು ಕಟ್ಟಿಸಿದಳು. ಬರಿಯ ತೊಟ್ಟಿಲು ತೂಗಬಾರದೆಂದು ಒಳಕಲ್ಲಿನ ಗುಂಡನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಅದರಲ್ಲಿ ಮಲಗಿಸಿದಳು. ಹುಟ್ಟದ ಕೂಸಿನ ಹೆಸರು ಯಾರ ಕಿವಿಗೂ ಬೀಳಬಾರದೆಂದು ನಮ್ಮನ್ನೆಲ್ಲ ಹೊರಗೆ ಕಳಿಸಿದಳು. ತನಗಾದರೂ ಹೇಳು ಎಂದು ಲಕ್ಷ್ಮಿ ಬಾಗಿಲಲ್ಲೇ ನಿಂತು ಕಾಡಿದಳು.

“ಗಂಡಿಗೊಂದು, ಹೆಣ್ಣಿಗೊಂದು ಹಾಡಿನಾಗ ಕಟ್ಟೀನಿ,” ಎಂದಳು ಚಿಗವ್ವ. ಧ್ವನಿ ಆಗಲೇ ಒಡೆದಿತ್ತು. “ತೊಟ್ಟಲದಾಗ ಹಾಕೋ ದಿನ ಕೇಳ್ರಿ. ಅಲ್ಲೀತನ ಯಾರೂ ಮುಟ್ಟಬ್ಯಾಡ್ರಿ.”

ನಾನು ಎರಡು ಸಲ ಒತ್ತಿ, ದೀಪ ಒಂದೇ ಸಮ ಉರಿಯುವುದನ್ನು ನೋಡಿ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಬೇವಿನ ಮರದ ಕೆಳಗೆ ಕೂತಿದ್ದ ನಮಗೆ ಹಾಡಿನ ಧಾಟಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅವಳು ಹಾಡಿದ್ದು ನಿಜ ಎಂದು ನಾವೆಲ್ಲ ಬಲ್ಲೆವು. ಮುಗಿದ ಮೇಲೆ ಯಂತ್ರವನ್ನು ತುಂಬಿದ ಬಟ್ಟಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು.

ಆಪರೇಷನ್ ಆಯಿತು. ಚಿಗವ್ವ ಉಳಿದಳು, ಧ್ವನಿ ಹೋಯಿತು. ಲಕ್ಷ್ಮಿಗೆ ಹೆಣ್ಣು ಹುಟ್ಟಿತು. ಅತ್ತೆಮನೆಯವರು ಒಂದು ಹೊಸಕಾಲದ ಹೆಸರು ಆರಿಸಿದ್ದರು. ಅಜ್ಜಿಯದು ಕೇಳಿ ಬಂದರೆ ಅದೇ ಇರಲಿ, ಇಲ್ಲವಾದರೆ ನಮ್ಮದು ಎಂದಿದ್ದರು.

ತೊಟ್ಟಿಲಿಗೆ ನಾಲ್ಕಾರು ದಿನವಿರುವಾಗ, ಯಂತ್ರ ನಡೆಯುತ್ತದೋ ಇಲ್ಲವೋ ನೋಡೋಣವೆಂದು ಸೆಲ್ಲು ಹಾಕಿ, ಇಯರ್‌ಫೋನು ಕಿವಿಗಿಟ್ಟು ಮೊದಲಿನ ತುಸು ಭಾಗ ಕೇಳಿದೆ. ಪಕ್ಕದ ಮನೆಯ ಕೋಳಿ ಕೂಗಿದವು. ಕಾಲುವೆ ನೀರೆತ್ತುವ ಪಂಪು, ತೊಟ್ಟಿಲ ಹಗ್ಗದ ಕಿರುಗುಡುವಿಕೆ, ಚಿಗವ್ವನ ಬಳೆ, ಎಲ್ಲ ಇದ್ದವು. ಚಿಗವ್ವ ಇರಲಿಲ್ಲ. ಕೊನೆಯ ತನಕ ಕೇಳಿದೆ. ಬಳೆ ತೂಗುತ್ತಿತ್ತು, ಹಾಡು ಇಲ್ಲ.

ಮರುದಿನ ಯಾದಗಿರಿಗೆ ಹೋದೆ. ಅಂಗಡಿಯವನು ಇಯರ್‌ಫೋನಿನ ಪಿನ್ನು ಪೂರ್ತಿ ಒಳಗೆ ಕೂರದಿದ್ದರೆ ನಡುವಿನ ಧ್ವನಿ ಮಾಯವಾಗಿ ಸುತ್ತಲಿನದು ಮಾತ್ರ ಕೇಳುವುದುಂಟು ಎಂದ. ನನಗೆ ಜೀವ ಬಂದಂತಾಯಿತು. ಒತ್ತಿ ಕೂರಿಸಿದ, ಬೇರೆ ಇಯರ್‌ಫೋನು ಹಾಕಿದ, ಅದನ್ನೂ ಕಿತ್ತು ಯಂತ್ರದ ಸ್ಪೀಕರಿನಲ್ಲೇ ಹಚ್ಚಿದ. ಕೋಳಿ, ಪಂಪು, ಬಳೆ.

“ಬಳಿ ಸಪ್ಪಳ ಹಿಡಿದದ್ದು ದನಿ ಬಿಡಂಗಿಲ್ರಿ ಅಕ್ಕಾರ,” ಎಂದ. “ಇದ್ರ ಎಲ್ಲಾರಿಗೂ ಇರ್ತದ, ಇಲ್ಲಂದ್ರ ಯಾರಿಗೂ ಇಲ್ಲ.”

ಅಲ್ಲಿಂದ ನೇರ ಚಿಗವ್ವನ ಊರಿಗೆ ಹೋಗಿ, ಹಾಡು ಸರಿಯಾಗಿ ಬಂದಿಲ್ಲ, ಹೆಸರನ್ನು ತುಟಿ ಆಡಿಸಿಯಾದರೂ ಹೇಳು ಎಂದು ಬೇಡಿಕೊಂಡೆ. ಅವಳಿಗೆ ಅಕ್ಷರ ಬಾರದು. ಯಂತ್ರ ಇಸಿದುಕೊಂಡು, ಇಯರ್‌ಫೋನು ಹಾಕಿಸಿಕೊಂಡು, ತಲೆದೂಗುತ್ತ ಕೊನೆಯ ತನಕ ಕೇಳಿದಳು. ಆಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟು ಮೇಲೆ ಎರಡು ಸಲ ತಟ್ಟಿದಳು. ಇದರಲ್ಲೇ ಇದೆಯಲ್ಲ ಎನ್ನುವ ಹಾಗೆ.

ತೊಟ್ಟಿಲ ದಿನ ಕೂಸಿನ ಸೋದರತ್ತೆ ರೇಣುಕಾ ಬಂದಳು. ಗುರುಮಠಕಲ್ ಕಡೆ ಶಾಲೆಯಲ್ಲಿ ಕಲಿಸುವವಳು, ಚಿಗವ್ವನನ್ನು ಮದುವೆಯಲ್ಲಿ ಕಂಡದ್ದಷ್ಟೆ. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದಬೇಕು, ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅವಳ ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಗುಂಡಿ ಒತ್ತಿ, ನಾನು ಹಿಂದೆ ಸರಿದೆ. ಈಗ ತಲೆಯೆತ್ತಿ ಇದರಲ್ಲೇನೂ ಇಲ್ಲ ಎನ್ನುತ್ತಾಳೆ, ಚಿಗವ್ವ ಅದನ್ನು ಕೇಳಿಸಿಕೊಳ್ಳುತ್ತಾಳೆ. ಅದೊಂದೇ ನನ್ನ ತಲೆಯಲ್ಲಿತ್ತು.

ರೇಣುಕಾ ತಲೆ ಎತ್ತಲಿಲ್ಲ. ಕೂಸಿನ ಮೇಲೆ ಬಾಗಿಕೊಂಡೇ ಬಹಳ ಹೊತ್ತು ಇದ್ದಳು. ಆಮೇಲೆ, “ಕುರ್ರ್, ನೀಲಗಂಗಾ,” ಎಂದಳು.

ಹೆಂಗಸರು ಗುದ್ದಿದರು, ನಕ್ಕರು. ನಮ್ಮ ಎರಡೂ ಮನೆಗಳಲ್ಲಿ ಆ ಹೆಸರಿನವರು ಯಾರೂ ಇಲ್ಲ. ಚಿಗವ್ವ ತೊಟ್ಟಿಲ ಹಗ್ಗ ಬಿಟ್ಟು ರೇಣುಕಾಳ ಗದ್ದ ಮುಟ್ಟಿ, ಆ ಕೈಯನ್ನು ತನ್ನ ತುಟಿಗೆ ಒತ್ತಿಕೊಂಡಳು. ನಾನು ರೇಣುಕಾಳ ಇಯರ್‌ಫೋನು ಕಿತ್ತು ನನ್ನ ಕಿವಿಗಿಟ್ಟುಕೊಂಡೆ. ಅದರಲ್ಲಿ ಪಂಪು ಮಾತ್ರ ಓಡುತ್ತಿತ್ತು.

ಅಡುಗೆಮನೆಯಲ್ಲಿ ರೇಣುಕಾಳನ್ನು ಒಂದು ಕಡೆ ಕರೆದು, ನಿನಗೇನು ಕೇಳಿಸಿತು ಎಂದು ಕೇಳಿದೆ.

“ದನಿ ಒಡದಾದ, ಖರೆ. ಆದ್ರ ಮಾತು ಸಾಫ್ ಅದಾವಲ್ರಿ. ಗಂಡಿನ ಹೆಸರೂ ಹೇಳ್ಯಾರ. ನೀವು ಕೇಳಿಲ್ಲೇನ್ರಿ ಅಕ್ಕಾರ?”

ಕೇಳೀನಿ ಎಂದುಬಿಟ್ಟೆ. ಗಂಡಿನ ಹೆಸರೇನು ಎಂದದ್ದಕ್ಕೆ ಅದನ್ನೂ ಹೇಳಿದಳು. ಸಂಜೆ ಆ ಹೆಸರನ್ನು ಮೆಲ್ಲಗೆ ಚಿಗವ್ವನ ಮುಂದೆ ಅಂದು ನೋಡಿದೆ. ಅವಳು ಗಾಬರಿಯಾಗಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.

ಚಿಗವ್ವ ಒಳಗೊಳಗೇ ತುಟಿ ಆಡಿಸಿರಬಹುದು, ರೇಣುಕಾ ಓರೆಗಣ್ಣಿನಲ್ಲಿ ನೋಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಆದರೆ ರೇಣುಕಾಳ ಮುಖ ಇಡೀ ಹೊತ್ತು ತೊಟ್ಟಿಲೊಳಗಿತ್ತು. ಕಣ್ಣಾರೆ ನೋಡಿದವಳು ನಾನು.

ಚಿಗವ್ವ ಈಗಿಲ್ಲ. ಯಂತ್ರ ನನ್ನ ಅಲಮಾರಿಯಲ್ಲಿದೆ, ಸೆಲ್ಲು ಬೇರೆ ಡಬ್ಬಿಯಲ್ಲಿ. ಶಾಲೆಗೆ ಹೋಗುವಷ್ಟಾದ ನೀಲಗಂಗಾ ಹೋದ ರಜೆಯಲ್ಲಿ ನಮ್ಮನೆಗೆ ಬಂದಾಗ, ತನ್ನ ಹೆಸರು ಅದರಲ್ಲಿದೆಯಂತೆ, ಕೇಳಿಸು ಎಂದು ಹಟ ಹಿಡಿದಳು. ಸೆಲ್ಲು ಹಾಕಿ ಕೊಟ್ಟೆ. ಜಗುಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು, ಕಾಲಾಡಿಸುತ್ತ ಕೊನೆಯ ತನಕ ಕೇಳಿದಳು. ಏನು ಕೇಳಿಸಿತು ಎಂದು ಕೇಳಬೇಕೋ ಬೇಡವೋ ತಿಳಿಯದೆ ನಾನು ಅಕ್ಕಿ ಆರಿಸುತ್ತ ಕೂತೆ. ಅವಳೇ ಯಂತ್ರ ತಂದು ನನ್ನ ಮಡಿಲಿಗೆ ಹಾಕಿದಳು.

“ಕೋಳಿ ಭಾಳ ಒದರ್ತಾವ ದೊಡ್ಡವ್ವಾ. ಹಾಡು ಸರಿ ಕೇಳಸಂಗಿಲ್ಲ.”

ಹೌದವ್ವಾ, ಭಾಳ ಒದರ್ತಾವ ಎಂದೆ. ಸೆಲ್ಲು ತೆಗೆದು ಡಬ್ಬಿಗೆ ಹಾಕಿದೆ.