ಕೈಗೆ ಮಸಿ ಹತ್ತಿದವರು

ಮಿತ್ರರೇ, ಇವತ್ತು ಬೆಂಕಿ ಆರಿಸಿದವನನ್ನೇ ಪೊಲೀಸರು ಹಿಡಿದೊಯ್ದರು.

ಮಧ್ಯಾಹ್ನ ಟಿಕೋಟಾ ರಸ್ತೆಯ ನಮ್ಮೂರ ಗಾಯರಾಣಕ್ಕೆ, ಊರ ದನವೆಲ್ಲ ಮೇಯುವ ಹುಲ್ಲುಗಾವಲಿಗೆ, ಬೆಂಕಿ ಬಿತ್ತು. ಹಚ್ಚಿದ್ದು ಪಕ್ಕದ ಹೊಲದ ಸಾಹುಕಾರರ ಆಳು. ನೋಡಿದವರಿದ್ದಾರೆ, ಹೇಳುವವರಿಲ್ಲ. ಹುಲ್ಲು ಸುಟ್ಟು ಬಯಲಾದರೆ ಸಾಹುಕಾರರು ಒತ್ತಿಕೊಂಡು ಉಳಬಹುದಲ್ಲ! ದನ ಕಾಯುವ ಯಮನಪ್ಪ ಇದ್ದೊಂದು ಕಂಬಳಿಯನ್ನೇ ತೋಯಿಸಿ ಬೆಂಕಿಗೆ ಬಡಿದ. ನಾವು ಬೇವಿನ ಟೊಂಗೆ ಮುರಿದು ಬಡಿದೆವು. ಅರ್ಧ ಹುಲ್ಲು ಉಳಿಯಿತು.

ಸಂಜೆ ವಿಜಾಪುರದಿಂದ ಪೊಲೀಸ್ ಫೌಜದಾರರು ಬಂದರು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ಅವರ ವಿದ್ಯೆ ಹಳೆಯದೇ. ಚಾವಡಿ ಮುಂದೆ ಎಲ್ಲರನ್ನೂ ನಿಲ್ಲಿಸಿ, “ಕೈ ತೋರಸ್ರಿ” ಎಂದರು. ಮಸಿ ಹತ್ತಿದವನೇ ಕಳ್ಳನಂತೆ.

ನನ್ನ ಕೈಯೂ ಕರ್ರಗಿತ್ತು. “ಸಾಹೇಬ್ರ, ಇದು ಬೆಂಕಿ ಆರಿಸಿದ ಮಸಿರಿ” ಎಂದೆ.

“ಹಚ್ಚಿದ ಮಸೀನೂ ಹಿಂಗ ಇರ್ತೈತಿ. ಮಾಸ್ತರ, ನೀವು ಈಚೆ ಬರ್ರಿ.”

ಮಾಸ್ತರನೆಂದು ನನ್ನನ್ನು ಬಿಟ್ಟು, ಎಲ್ಲರಿಗಿಂತ ಹೆಚ್ಚು ಮಸಿ ಹತ್ತಿದ್ದ ಯಮನಪ್ಪನನ್ನು ಜೀಪಿಗೆ ಹತ್ತಿಸಿದರು. ಬಿಳಿ ಧೋತರದ ಸಾಹುಕಾರರು, “ಬಡವ ಅದಾನ, ಭಾಳ ಹೊಡೀಬ್ಯಾಡ್ರಿ” ಎಂದು ಶಿಫಾರಸು ಬೇರೆ ಮಾಡಿದರು.

ಅಷ್ಟರಲ್ಲಿ ಉಳಿದರ್ಧ ಹುಲ್ಲಿನಿಂದಲೂ ಹೊಗೆ ಎದ್ದಿತು. “ಓಡ್ರಿ ಲೇ, ಆರಸ್ರಿ!” ಎಂದು ಫೌಜದಾರರು ಕೂಗಿದರು. ಯಾರೂ ಕದಲಲಿಲ್ಲ. ಯಮನಪ್ಪನ ಹೆಂಡತಿ ಅಂದಳು: “ನಿಮ್ಮ ಪೊಲೀಸರ್ನ ಕಳಸ್ರಿ ಯಪ್ಪಾ. ಅವರ ಕೈ ಯಾರು ನೋಡ್ತಾರ?”

ಇದನ್ನು ಬರೆಯುವ ಹೊತ್ತಿಗೆ ಗಾಯರಾಣವೆಲ್ಲ ಬೂದಿ. ಮಧ್ಯಾಹ್ನದ ಮಸಿ ತೊಳೆದುಕೊಂಡ ಊರವರ ಕೈ ಮಾತ್ರ ಸ್ವಚ್ಛವಾಗಿದೆ, ಸಾಹುಕಾರರದಕ್ಕಿಂತ ಏನೂ ಕಡಿಮೆಯಿಲ್ಲ.