ಮುಚ್ಚಳದ ಒಳಗೆ ಬರೆದದ್ದು

ರಟ್ಟಣ್ಣನ ಸಾಮ್ರಾಜ್ಯಕ್ಕೆ ಮೂರು ಗೋಡೆ, ಒಂದು ಶಟರು. ಒಳಗೆ ರಟ್ಟು ಕತ್ತರಿಸುವ ಯಂತ್ರ, ಗೋಂದಿನ ಡ್ರಮ್ಮು, ಪೆಟ್ಟಿಗೆ ಮಡಿಸುವ ಇಬ್ಬರು ಹೆಂಗಸರು. ಇಷ್ಟೇ ಸೈನ್ಯ ಕಟ್ಟಿಕೊಂಡು ಅವನು ಇಪ್ಪತ್ತೆರಡು ವರ್ಷ ಊರಿನ ಶೂ, ಚಪ್ಪಲಿಗಳಿಗೆಲ್ಲ ಮನೆ ಕಟ್ಟಿಕೊಟ್ಟ. ತಾನಿದ್ದದ್ದು ಮಾತ್ರ ಬಾಡಿಗೆ ಮನೆಯಲ್ಲಿ.

ಈ ದೊರೆಗೊಂದು ಪದ್ಧತಿಯಿತ್ತು. ಪ್ರತಿ ಆರ್ಡರಿನ ಮೊದಲ ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಕೆಲಸದವರಿಗೆ ರಾಜಾಜ್ಞೆ ಬರೆದು ತಾರೀಖು ಹಾಕುತ್ತಿದ್ದ. ‘ಮೂಲೆಗೆ ಗೋಂದು ಜಾಸ್ತಿ.’ ‘ಈ ಪಾರ್ಟಿ ಜಗಳಗಂಟ, ಎರಡು ಸಲ ಎಣಿಸಿ.’ ಆ ಪೆಟ್ಟಿಗೆ ಕೊನೆಗೆ ಮಾಲಿನ ಜೊತೆಗೇ ಹೋಗಿಬಿಡುತ್ತಿತ್ತು. ಒಮ್ಮೆ ಜಗಳಗಂಟ ಅದನ್ನು ಓದಿ ನಿಜಕ್ಕೂ ಜಗಳಕ್ಕೇ ಬಂದ. ಆದರೂ ಅಳಿಸಿ ಕಳಿಸುವ ಬುದ್ಧಿ ರಟ್ಟಣ್ಣನಿಗೆ ಬರಲಿಲ್ಲ.

ಅವನ ದೊಡ್ಡ ಗಿರಾಕಿ ಶೂ ಅಂಗಡಿಯ ಭಾವ. ಯಾರ ಅಕ್ಕನನ್ನು ಯಾರೂ ಮದುವೆಯಾಗಿರಲಿಲ್ಲ. ಮೊದಲ ದಿನ ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಭಾವ ಎಂದರು, ಅದೇ ಅಂಟಿಕೊಂಡಿತು. ಭಾವನ ಅಂಗಡಿಯೆದುರು ಗಾಜಿನ ಗೋಡೆಯ ದೊಡ್ಡ ಅಂಗಡಿಯೊಂದು ತೆರೆದ ಮೇಲೆ ಇಲ್ಲಿ ನೊಣಗಳೇ ಗಿರಾಕಿಗಳು. ಆದರೂ ಭಾವ ಕೊನೆಯ ಬಾರಿ ಮೂರು ಸಾವಿರ ಪೆಟ್ಟಿಗೆ ಕೇಳಿದ, ರಟ್ಟಣ್ಣ ಸಾಲಕ್ಕೇ ಕೊಟ್ಟ. ಎಂಟು ತಿಂಗಳಾದರೂ ದುಡ್ಡಿಲ್ಲ. ಆಮೇಲೆ ಫೋನೂ ಎತ್ತಲಿಲ್ಲ. ಇತ್ತ ಯಂತ್ರದ ಮೇಲೆ ಸಾಲ ಕೊಟ್ಟವನು, ವರ್ಷದ ಕೊನೆಗೆ ದುಡ್ಡು ಬಾರದಿದ್ದರೆ ಯಂತ್ರವನ್ನೇ ಒಯ್ಯುತ್ತೇನೆಂದು ಹೇಳಿ ಹೋದ.

“ಭಾವ ಭಾವ ಅಂತ ತಲೆ ಮೇಲೆ ಕೂರಿಸ್ಕೊಂಡ್ರಿ,” ಎಂದಳು ಹೆಂಡತಿ. “ಈಗ ನೋಡಿ, ಇಳಿಯೋಕೇ ಒಪ್ತಿಲ್ಲ.”

ರಟ್ಟಣ್ಣ ದಂಡಯಾತ್ರೆ ಹೊರಟ. ಪೊಲೀಸ್ ಠಾಣೆಯೆದುರು ಮುರುಕು ಕುರ್ಚಿ ಹಾಕಿಕೊಂಡಿದ್ದ ಅರ್ಜಿ ಬರೆಯುವವನು ಕತೆಯನ್ನೆಲ್ಲ ಕೇಳಿ ಆಕಳಿಸಿದ.

“ಸಿವಿಲ್ ದಾವೆ ಹಾಕಿದ್ರೆ ನಿಮ್ಮ ಮೊಮ್ಮಗ ಬಂದು ತೀರ್ಪು ತಗೋತಾನೆ. ವಂಚನೆ ಅಂತ ಕಂಪ್ಲೇಂಟ್ ಕೊಡಿ. ಪೊಲೀಸರು ಕಾಲರ್ ಹಿಡಿದ್ರೆ ದುಡ್ಡು ತಾನಾಗೇ ಉದುರುತ್ತೆ.”

“ಹಾಗೇ ಬರೀರಿ.”

“ಒಂದು ಮಾತು ಸೇರಿಸ್ಬೇಕು. ಕೊಡೋಕಾಗ್ಲಿಲ್ಲ ಅಂದ್ರೆ ವಂಚನೆ ಆಗಲ್ಲ. ವ್ಯಾಪಾರ ಜೋರಾಗಿದೆ ಅಂತ ಸುಳ್ಳು ಹೇಳಿ ನಂಬಿಸಿದ, ಮೋಸ ಮಾಡ್ಬೇಕು ಅಂತ್ಲೇ ಮಾಲು ತಗೊಂಡ ಅಂತ ಇರ್ಬೇಕು.”

“ಅವನು ಹಾಗೇನೂ ಹೇಳ್ಲಿಲ್ಲ…”

“ರಟ್ಟಣ್ಣ, ನಿಮಗೆ ಯಂತ್ರ ಬೇಕೋ, ಭಾವ ಬೇಕೋ?”

ರಟ್ಟಣ್ಣ ಪೆನ್ನು ಕೇಳಿ ಸಹಿ ಹಾಕಿದ.

ಇಪ್ಪತ್ತೆರಡು ವರ್ಷ ಊರಿಗೆಲ್ಲ ಶೂ ತೊಡಿಸಿದ ಭಾವ ಬರಿಗಾಲಿನಲ್ಲಿ ಪೊಲೀಸ್ ಜೀಪು ಹತ್ತಿದ. ಹನ್ನೊಂದು ದಿನ ಒಳಗಿದ್ದ. ಅಷ್ಟರಲ್ಲಿ ಅವನಿಗೆ ಸಾಲ ಕೊಟ್ಟಿದ್ದ ಉಳಿದವರು ಅಂಗಡಿಯ ಮಾಲನ್ನೆಲ್ಲ ಬಾಚಿಕೊಂಡು ಹೋದರು. ಕಾಲರ್ ಹಿಡಿದದ್ದಾಯಿತು, ಉದುರಿದ್ದು ಎರಡು ಗುಂಡಿ.

ಕೆಲವು ತಿಂಗಳ ಮೇಲೆ, ವಿಚಾರಣೆಯ ದಿನ ಭಾವನ ವಕೀಲರು ಒಂದು ಶೂ ಪೆಟ್ಟಿಗೆ ಹಿಡಿದು ಬಂದರು. ಮೂಲೆಯ ಮಡಿಕೆ ಕಂಡದ್ದೇ ಸಾಕು, ರಟ್ಟಣ್ಣನಿಗೆ ಗುರುತು ಸಿಕ್ಕಿತು. ತನ್ನ ಕೈಕೆಲಸ ಅವನಿಗೆ ಗೊತ್ತಾಗದೆ ಇರುತ್ತದೆಯೇ?

“ಮುಚ್ಚಳದಲ್ಲಿ ಬರೆದದ್ದು ನೀವೇನಾ? ಗಟ್ಟಿಯಾಗಿ ಓದಿ,” ಎಂದರು ವಕೀಲರು.

ರಟ್ಟಣ್ಣ ಕನ್ನಡಕ ಹಾಕಿಕೊಂಡ. “ಭಾವನಿಗೆ ವ್ಯಾಪಾರ ಇಲ್ಲ. ದುಡ್ಡು ಯಾವಾಗ ಬರುತ್ತೋ ಗೊತ್ತಿಲ್ಲ. ಆದರೂ ಗೋಂದು ಕಮ್ಮಿ ಮಾಡಬೇಡಿ.” ಕೆಳಗೆ ಆರ್ಡರಿನ ತಾರೀಖು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಎಲ್ಲಾ ಗೊತ್ತಿದ್ದೇ ಕೊಟ್ಟಿದ್ದೀರಲ್ರೀ,” ಎಂದರು ನ್ಯಾಯಾಧೀಶರು. “ನಿಮ್ಮನ್ನ ನಂಬಿಸಿದ್ದು ಯಾರು?”

ರಟ್ಟಣ್ಣ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಇದು ವಂಚನೆಯಲ್ಲ, ಬಾಕಿ ಬೇಕಿದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಎಂದು ಅವರು ಕೇಸು ವಜಾ ಮಾಡಿದರು.

ಹೊರಗೆ ಮೆಟ್ಟಿಲ ಬಳಿ ಭಾವ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಸೊರಗಿ ಅರ್ಧ ಆಳಾಗಿದ್ದ.

“ಅದನ್ನ ಯಾಕೆ ಇಟ್ಕೊಂಡಿದ್ದೆ ಭಾವ?”

“ಎಲ್ಲಾ ಮುಚ್ಚಳಾನೂ ಮನೇಲಿ ಇಟ್ಕೊಂಡಿದ್ದೆ. ಯಾರೂ ನನ್ನ ಬಗ್ಗೆ ಅಷ್ಟು ಒಳ್ಳೇದು ಬರೆದಿರ್ಲಿಲ್ಲ.” ಒಂದು ಮೆಟ್ಟಿಲು ಇಳಿದು ತಿರುಗಿದ. “ಬರ್ತೀನಿ ಸಾರ್.”

ಸಾರ್! ರಟ್ಟಣ್ಣನಿಗೆ ಕಪಾಳಕ್ಕೆ ಬಾರಿಸಿದ್ದರೂ ವಾಸಿಯಿತ್ತು.

ವರ್ಷದ ಕೊನೆಗೆ ನಾಲ್ವರು ಬಂದು ಯಂತ್ರ ಬಿಚ್ಚಿದರು. ಬಿಚ್ಚಿದ ಸ್ಕ್ರೂ ತುಂಬಿಕೊಳ್ಳಲು ಏನಾದರೂ ಕೊಡಿ ಎಂದರು. ರಟ್ಟಣ್ಣ ಉಳಿದಿದ್ದ ಒಂದು ರಟ್ಟು ಮಡಿಸಿ, ಮೂಲೆಗೆ ಗೋಂದು ಜಾಸ್ತಿ ಹಚ್ಚಿ, ಒಣಗುವವರೆಗೂ ಅವರನ್ನು ಕಾಯಿಸಿದ. ಸ್ಕ್ರೂಗಳನ್ನು ಎಣಿಸಿ ಹಾಕಿದ. ಆಮೇಲೆ ಕಿವಿಯ ಮೇಲಿನ ಪೆನ್ಸಿಲು ತೆಗೆದು ಮುಚ್ಚಳದ ಒಳಗೆ ಬರೆದ: ‘ಸ್ಕ್ರೂ ಇಪ್ಪತ್ತನಾಲ್ಕು. ವಾರಕ್ಕೊಮ್ಮೆ ಎಣ್ಣೆ ಬಿಡಿ. ಎಡಗಡೆ ಸ್ವಲ್ಪ ನಿಧಾನ, ಬೈಯಬೇಡಿ.’

ಕೆಳಗೆ ತಾರೀಖು ಹಾಕಿದ.